ಅಗ್ಗದ ಎಫ್‌ಪಿಜಿಎಯಲ್ಲಿ ವೇಗದ ಸಿಗ್ನಲ್: ಎನ್‌ಕೋಡ್, ಡಿಕೋಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್) ಬೋರ್ಡ್‌ನಲ್ಲಿ ಎಲ್‌ಇಡಿ ಮಿನುಗಿಸಿ ಆಯ್ತು, ಸೀರಿಯಲ್ ಪೋರ್ಟ್‌ನಲ್ಲಿ ಅಕ್ಷರಗಳೂ ಬಂದವು. ಇನ್ನು ಮಾನಿಟರ್‌ಗೆ ಚಿತ್ರ ಕಳಿಸಬೇಕು, ಅಥವಾ ಯಾವುದೋ ವೇಗದ ಸಿಗ್ನಲ್ ಓದಬೇಕು. ಆ ಹಂತಕ್ಕೆ ಬಂದವರಿಗಾಗಿ ಈ ಪುಟ. ಇಲ್ಲಿರುವ ಪ್ರಶ್ನೆಗಳೆಲ್ಲ ನನಗೆ ಮತ್ತೆ ಮತ್ತೆ ಬಂದಂಥವು. ಕೆಲವನ್ನು ಶುರುವಿನಲ್ಲಿ ನಾನೇ ಊರೆಲ್ಲ ಕೇಳಿಕೊಂಡು ತಿರುಗಿದ್ದೆ. ಉತ್ತರ ಕೆಲವು ಕಡೆ ಉದ್ದವಾಗಿದೆ, ಯಾಕಂದರೆ ಹೊಸಬರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ನನ್ನ ಚಿಪ್ 100 ಮೆಗಾಹರ್ಟ್ಸ್‌ಗೇ ಏದುಸಿರು ಬಿಡುತ್ತದೆ. ಅದರಿಂದ ಸೆಕೆಂಡಿಗೆ 250 ಮೆಗಾಬಿಟ್ ಹೊರಗೆ ಕಳಿಸುವುದು ಹೇಗೆ?

ಒಳಗಿನ ಲಾಜಿಕ್ ಅಷ್ಟು ವೇಗವಾಗಿ ಓಡಬೇಕಾಗಿಲ್ಲ. ಈ ಕೆಲಸದ ಗುಟ್ಟೇ ಇದು: ಒಳಗೆ ನಿಧಾನ ಮತ್ತು ಅಗಲ, ಪಿನ್ ಹತ್ತಿರ ಮಾತ್ರ ವೇಗ ಮತ್ತು ಕಿರಿದು.

640×480 ಚಿತ್ರದ ಲೆಕ್ಕ ನೋಡಿ. ಕಾಣುವ ಪಿಕ್ಸೆಲ್‌ಗಳ ಸುತ್ತಲಿನ ಖಾಲಿ ಜಾಗವನ್ನೂ ಸೇರಿಸಿದರೆ ಒಂದು ಫ್ರೇಮ್ ಅಂದರೆ 800×525, ಒಟ್ಟು 4,20,000 ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಆದರೆ ಪಿಕ್ಸೆಲ್ ಕ್ಲಾಕ್ 25.2 ಮೆಗಾಹರ್ಟ್ಸ್. ಸ್ಟ್ಯಾಂಡರ್ಡ್ ಹೇಳುವುದು 25.175, ಆದರೆ ಸಾಮಾನ್ಯವಾಗಿ ಮಾನಿಟರ್‌ಗಳು ಇಷ್ಟು ವ್ಯತ್ಯಾಸಕ್ಕೆ ತಕರಾರು ಮಾಡುವುದಿಲ್ಲ. ಮಾನಿಟರ್‌ಗೆ ಡಿಜಿಟಲ್ ಚಿತ್ರ ಕಳಿಸುವ ಡಿವಿಐಯಲ್ಲಿ ಪಿಕ್ಸೆಲ್‌ನ ಒಂದೊಂದು ಬಣ್ಣವೂ 10 ಬಿಟ್ ಆಗಿ ಹೋಗುತ್ತದೆ. ಅಲ್ಲಿಗೆ ಒಂದು ಲೇನ್‌ಗೆ (ಒಂದು ಬಣ್ಣ ಹೋಗುವ ತಂತಿ ಜೋಡಿಗೆ) 252 ಮೆಗಾಬಿಟ್ ಆಯ್ತು.

ಈಗ ಯಾರು ಎಷ್ಟು ವೇಗದಲ್ಲಿ ಓಡಬೇಕು? ಎನ್‌ಕೋಡರ್ 25.2ರಲ್ಲಿ. ಪಿನ್ ಪಕ್ಕದ ಡಿಡಿಆರ್ ರಿಜಿಸ್ಟರ್ ಕ್ಲಾಕ್ ಏರುವಾಗ ಒಂದು ಬಿಟ್, ಇಳಿಯುವಾಗ ಒಂದು ಬಿಟ್ ಬಿಡುತ್ತದೆ. ಆದ್ದರಿಂದ ಅದಕ್ಕೆ 126 ಮೆಗಾಹರ್ಟ್ಸ್ ಸಾಕು. ಇವೆರಡರ ನಡುವೆ ಸಲಕ್ಕೆ ಎರಡು ಬಿಟ್ ಸರಿಸುವ ಒಂದು ಶಿಫ್ಟ್ ರಿಜಿಸ್ಟರ್. ಅದರಲ್ಲಿ ಲೆಕ್ಕಾಚಾರ ಏನೂ ಇಲ್ಲ, ಸುಮ್ನೆ ಸರಿಸುವುದಷ್ಟೇ. ಹಾಗಾಗಿ ಸಣ್ಣ ಚಿಪ್‌ನಲ್ಲೂ 126ಕ್ಕೆ ಟೈಮಿಂಗ್ ಕೂಡಿ ಬರುತ್ತದೆ.

ಎರಡೂ ಕ್ಲಾಕ್ ಒಂದೇ ಪಿಎಲ್ಎಲ್‌ನಿಂದ (ಒಂದು ಕ್ಲಾಕ್‌ನಿಂದ ಬೇರೆ ವೇಗದ ಕ್ಲಾಕ್ ತಯಾರಿಸುವ ಬ್ಲಾಕ್‌ನಿಂದ) ಬರಲಿ. ನಿಮ್ಮ ಪಿಎಲ್ಎಲ್‌ಗೆ 5ಕ್ಕೆ 1ರ ಅನುಪಾತದ ಎರಡು ಕ್ಲಾಕ್ ಕೊಡಲು ಆಗದಿದ್ದರೆ 126 ಒಂದನ್ನೇ ತೆಗೆದುಕೊಳ್ಳಿ. ಐದು ಸಲಕ್ಕೊಮ್ಮೆ ಎನೇಬಲ್ ಕೊಟ್ಟು ಎನ್‌ಕೋಡರ್ ಓಡಿಸಿ. ಆಗ ಟೂಲ್ ಎನ್‌ಕೋಡರ್ ಕೂಡ 126ರಲ್ಲಿ ಓಡಬೇಕು ಅಂತ ಹಟ ಹಿಡಿಯಬಹುದು. ಅದನ್ನು ಎರಡು ಮೂರು ಹಂತದ ಪೈಪ್‌ಲೈನ್ ಆಗಿ ಒಡೆಯಿರಿ. ಚಿತ್ರ ಮೂರು ಪಿಕ್ಸೆಲ್ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ಸಿಂಕ್ ಸಿಗ್ನಲ್‌ಗಳನ್ನೂ ಅಷ್ಟೇ ತಡಮಾಡಲು ಮರೆಯಬೇಡಿ.

ಯಾವ ಚಿಪ್ ಎಷ್ಟು ದೂರ ಬರುತ್ತದೆ?

ಲ್ಯಾಟಿಸ್‌ನ ಐಸ್40 ತುಂಬ ಸರಳ. ಪ್ರತಿ ಪಿನ್‌ಗೂ ಡಿಡಿಆರ್ ರಿಜಿಸ್ಟರ್ ಇದೆ, ಪಿಎಲ್ಎಲ್ 275 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. 640×480 ಆರಾಮಾಗಿ ಬರುತ್ತದೆ. 720ಪಿಗೆ ಪಿಕ್ಸೆಲ್ ಕ್ಲಾಕ್ 74.25 ಮೆಗಾಹರ್ಟ್ಸ್, ಅದರ ಐದು ಪಟ್ಟು 371.25. ಅದು ಐಸ್40ನ ಕೈಗೆ ಎಟುಕುವುದಿಲ್ಲ.

ಗೋವಿನ್ ಚಿಪ್‌ಗಳಲ್ಲಿ 10 ಬಿಟ್ ತೆಗೆದುಕೊಂಡು ಒಂದೊಂದೇ ಹೊರಬಿಡುವ ಒಇಎಸ್‌ಇಆರ್10 ಅನ್ನುವ ಬ್ಲಾಕ್ ಪಿನ್ ಪಕ್ಕದಲ್ಲೇ ಇದೆ. ಶಿಫ್ಟ್ ರಿಜಿಸ್ಟರ್ ಬರೆಯುವ ಕೆಲಸವೂ ಉಳಿಯಿತು. ಲ್ಯಾಟಿಸ್‌ನ ಇಸಿಪಿ5 ಮತ್ತು ಜೈಲಿಂಕ್ಸ್‌ನ ಸ್ಪಾರ್ಟನ್-6, ಆರ್ಟಿಕ್ಸ್-7ರಲ್ಲೂ ಇಂಥ ಬ್ಲಾಕ್‌ಗಳಿವೆ. ಆರ್ಟಿಕ್ಸ್-7ರಲ್ಲಿ 10 ಬಿಟ್‌ಗೆ ಎರಡು ಸೀರಿಯಲೈಸರ್ ಜೋಡಿಸಬೇಕು, ಒಂದು ಯಜಮಾನ, ಇನ್ನೊಂದು ಅದರ ಸಹಾಯಕ. ಸಿಗ್ನಲ್ ಒಳಗೆ ತರುವ ಕೆಲಸಕ್ಕೆ ನಾನು ಆರ್ಟಿಕ್ಸ್-7 ಕಡೆಗೇ ವಾಲುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸಾಮಾನ್ಯ ಪಿನ್‌ಗಳ ಆಟ ಹೆಚ್ಚುಕಡಿಮೆ 1 ಗಿಗಾಬಿಟ್ ಹತ್ತಿರ ಮುಗಿಯುತ್ತದೆ. ಅದರಾಚೆಗೆ ಕ್ಲಾಕ್ ರಿಕವರಿ ಸಮೇತ ಬರುವ ಮೀಸಲು ಟ್ರಾನ್ಸೀವರ್ ಬೇಕು. ಇಸಿಪಿ5ರ 5ಜಿ ಮಾದರಿಗಳಲ್ಲಿ ಅದು 5 ಗಿಗಾಬಿಟ್‌ವರೆಗೆ, ಆರ್ಟಿಕ್ಸ್-7ರಲ್ಲಿ 6.6 ಗಿಗಾಬಿಟ್‌ವರೆಗೆ ಸಿಗುತ್ತದೆ. ಸ್ಪೀಡ್ ಗ್ರೇಡ್ ಮತ್ತು ಪ್ಯಾಕೇಜ್ ನೋಡಿಕೊಂಡೇ ಆರಿಸಿ.

ಇದಕ್ಕೆಲ್ಲ ಮೈಕ್ರೋಕಂಟ್ರೋಲರ್ ಸಾಲದೇ?

ಕೆಲವು ಮೆಗಾಬಿಟ್‌ವರೆಗೆ ಸಾಕು. ಅದಕ್ಕಿಂತ ಮೇಲೆ, ಅದರೊಳಗೇ ಬೇಕಾದ ಹಾರ್ಡ್‌ವೇರ್ ಇದ್ದರೆ ಸರಿ. ಇಲ್ಲದಿದ್ದರೆ ಪ್ರತಿ ಬಿಟ್‌ಗೂ ಇನ್‌ಸ್ಟ್ರಕ್ಷನ್ ಖರ್ಚಾಗುತ್ತದೆ, ಲೆಕ್ಕ ಹೊಂದುವುದಿಲ್ಲ.

ಎನ್‌ಕೋಡಿಂಗ್ ಯಾಕೆ ಬೇಕು? ಬಿಟ್‌ಗಳನ್ನು ಇದ್ದ ಹಾಗೇ ಕಳಿಸಿದರೆ ಆಗಲ್ವಾ?

ಹತ್ತಿರದಲ್ಲಿ, ಪಕ್ಕದಲ್ಲೇ ಕ್ಲಾಕ್ ತಂತಿ ಇದ್ದರೆ ಆಗುತ್ತದೆ. ಎಸ್‌ಪಿಐ ಹಾಗೇ ನಡೆಯುತ್ತದೆ. ಕ್ಲಾಕ್ ತಂತಿ ಇಲ್ಲದ ಕಡೆ ಕಷ್ಟ ಶುರು.

ಸತತವಾಗಿ ಐವತ್ತು ಸೊನ್ನೆ ಕಳಿಸಿದಿರಿ ಅಂದುಕೊಳ್ಳಿ. ತಂತಿ ಅಲುಗಾಡದೆ ಕೂತಿರುತ್ತದೆ. ಆ ಕಡೆಯವನು ತನ್ನ ಕ್ಲಾಕ್ ನೋಡಿಕೊಂಡು ಎಣಿಸಬೇಕು. ಅವನ ಕ್ಲಾಕ್ ಸ್ವಲ್ಪ ಮುಂದಿದ್ದರೂ 49 ಬಂತೋ 51 ಬಂತೋ ಗೊತ್ತಾಗುವುದಿಲ್ಲ. ಆಗಾಗ ಒಂದು ಅಂಚು ಬಂದರೆ ಅವನು ಅದಕ್ಕೆ ತನ್ನನ್ನು ಸರಿಹೊಂದಿಸಿಕೊಳ್ಳುತ್ತಾನೆ. ಇದು ಮೊದಲ ಕಾರಣ.

ಎರಡನೆಯದು ಕೆಪಾಸಿಟರ್. ವೇಗದ ಲಿಂಕ್‌ಗಳಲ್ಲಿ ದಾರಿಯ ನಡುವೆ ಕೆಪಾಸಿಟರ್ ಅಥವಾ ಟ್ರಾನ್ಸ್‌ಫಾರ್ಮರ್ ಇರುವುದು ಸಾಮಾನ್ಯ. ಅದು ಡಿಸಿಯನ್ನು ಬಿಡುವುದಿಲ್ಲ. 1ಗಳು ಸೊನ್ನೆಗಳಿಗಿಂತ ಜಾಸ್ತಿ ಹೋಗುತ್ತಾ ಇದ್ದರೆ ಸಿಗ್ನಲ್‌ನ ನಡುಮಟ್ಟ ಮೆಲ್ಲಗೆ ಒಂದು ಕಡೆ ಜಾರುತ್ತದೆ. ಕೊನೆಗೆ ರಿಸೀವರ್‌ಗೆ 1 ಯಾವುದು, 0 ಯಾವುದು ಅನ್ನುವುದೇ ಗೊಂದಲ.

ಮೂರನೆಯದು, ವರ್ಡ್ (ಒಟ್ಟಿಗೆ ಓದಬೇಕಾದ ಬಿಟ್‌ಗಳ ಗುಂಪು) ಎಲ್ಲಿ ಶುರುವಾಗುತ್ತದೆ ಅಂತ ಹೇಳುವ ಗುರುತು. ಡೇಟಾದಲ್ಲಿ ಎಂದೂ ಬಾರದ ಒಂದು ವಿನ್ಯಾಸ ಅದಕ್ಕೆ ಬೇಕು.

ಮೂರೂ ಕಾರಣ ರಿಸೀವರ್‌ಗೆ ಸಂಬಂಧಿಸಿದ್ದು, ನೋಡಿ. ಕಳಿಸುವವನಿಗೆ ಎನ್‌ಕೋಡಿಂಗ್‌ನಿಂದ ಏನೂ ಲಾಭವಿಲ್ಲ. ಎನ್‌ಕೋಡರ್ ಬರೆಯುವಾಗ ಯಾವಾಗಲೂ ಆ ಕಡೆ ಕೂತವನ ಜಾಗದಿಂದ ಯೋಚಿಸಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮ್ಯಾಂಚೆಸ್ಟರ್, 8ಬಿ/10ಬಿ, ಸ್ಕ್ರ್ಯಾಂಬ್ಲರ್: ಯಾವುದು ಆರಿಸಲಿ?

ಒಂದು ಸ್ಟ್ಯಾಂಡರ್ಡ್ ಜೊತೆ ಮಾತಾಡಬೇಕಿದ್ದರೆ ಆಯ್ಕೆ ನಿಮ್ಮದಲ್ಲ, ಅದರದು. ನಿಮ್ಮದೇ ಎರಡು ಬೋರ್ಡ್‌ಗಳ ನಡುವಿನ ಮಾತಾದರೆ ಹೀಗೆ ಯೋಚಿಸಿ.

ಮ್ಯಾಂಚೆಸ್ಟರ್‌ನಲ್ಲಿ ಪ್ರತಿ ಬಿಟ್‌ನ ನಡುವೆ ಒಂದು ಅಂಚು ಗ್ಯಾರಂಟಿ. ಡಿಕೋಡ್ ಮಾಡುವುದು ಬಹಳ ಸುಲಭ. ಬದಲಿಗೆ ಎರಡು ಪಟ್ಟು ವೇಗ ಕೇಳುತ್ತದೆ: 10 ಮೆಗಾಬಿಟ್ ಈಥರ್ನೆಟ್‌ನಲ್ಲಿ ತಂತಿಯ ಮೇಲೆ ಸೆಕೆಂಡಿಗೆ 20 ಮಿಲಿಯನ್ ಅರ್ಧ ಬಿಟ್‌ಗಳು ಹೋಗುವುದು ಇದೇ ಕಾರಣಕ್ಕೆ. 20, 30 ಮೆಗಾಬಿಟ್ ಒಳಗಿನ ಕೆಲಸಕ್ಕೆ ನಾನು ಕಣ್ಣುಮುಚ್ಚಿ ಇದನ್ನೇ ಹಾಕುತ್ತೇನೆ.

8ಬಿ/10ಬಿಯನ್ನು ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ 1983ರಲ್ಲಿ ಪ್ರಕಟಿಸಿದರು. 8 ಬಿಟ್‌ಗೆ 10 ಬಿಟ್, ಅಂದರೆ 25% ಹೊರೆ. ಒಂದೇ ಬೆಲೆಯ ಬಿಟ್ ಸತತ ಐದಕ್ಕಿಂತ ಜಾಸ್ತಿ ಬರುವುದಿಲ್ಲ, ಡಿಸಿ ಸಮತೋಲ ಪಕ್ಕಾ, ಗುರುತಿನ ವರ್ಡ್‌ಗಳೂ ಅದರಲ್ಲೇ ಇವೆ. ಇಷ್ಟು ವರ್ಷವಾದರೂ ಸಣ್ಣ ಎಫ್‌ಪಿಜಿಎಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಕಂಡಿಲ್ಲ.

ಸ್ಕ್ರ್ಯಾಂಬ್ಲರ್ ಹೊರೆಯಿಲ್ಲದೆ ಬಿಟ್‌ಗಳನ್ನು ಕಲಸುತ್ತದೆ, ಆದರೆ ಅದರ ಭರವಸೆ ಸಂಭವದ ಲೆಕ್ಕದ್ದು. ವಿಡಿಯೋದ ಎಸ್‌ಡಿಐ ಇದನ್ನು ಬಳಸುತ್ತದೆ. ಕೆಲವು ನಿರ್ದಿಷ್ಟ ಬಣ್ಣಗಳು ಬಂದಾಗ ಸ್ಕ್ರ್ಯಾಂಬ್ಲರ್‌ನಿಂದ 19 ಸೊನ್ನೆ, ಒಂದು 1 ಅನ್ನುವ ಕೆಟ್ಟ ಸಾಲು ಹೊರಬೀಳಬಹುದು. ಎಸ್‌ಡಿಐ ಉಪಕರಣಗಳನ್ನು ಬೇಕಂತಲೇ ಇಂಥ ಸಾಲಿನಿಂದ ಪರೀಕ್ಷಿಸುತ್ತಾರೆ. 10 ಗಿಗಾಬಿಟ್ ಈಥರ್ನೆಟ್‌ನ 64ಬಿ/66ಬಿ ಸ್ಕ್ರ್ಯಾಂಬ್ಲರ್ ಜೊತೆಗೆ ಎರಡೇ ಎರಡು ಬಿಟ್‌ನ ತಲೆಪಟ್ಟಿ ಇಡುತ್ತದೆ, ಹೊರೆ ಬರೀ 3.125%.

ಡಿವಿಐ, ಎಚ್‌ಡಿಎಂಐ ಬಳಸುವ ಟಿಎಂಡಿಎಸ್ ಎನ್‌ಕೋಡರ್ ಅರ್ಥವೇ ಆಗುತ್ತಿಲ್ಲ. ಒಂದು ಪಿಕ್ಸೆಲ್ ಹಿಡಿದು ತೋರಿಸುತ್ತೀರಾ?

ಕಪ್ಪು ಪಿಕ್ಸೆಲ್ ತೆಗೆದುಕೊಳ್ಳೋಣ. ಎಂಟೂ ಬಿಟ್ ಸೊನ್ನೆ.

ಮೊದಲ ಹಂತದಲ್ಲಿ ಬಿಟ್‌ಗಳನ್ನು ಎಕ್ಸ್‌ಆರ್ ಅಥವಾ ಎಕ್ಸ್‌ನಾರ್ ಸರಪಳಿಯಲ್ಲಿ ಹಾಯಿಸಬೇಕು. ಎರಡು ಬಿಟ್ ಬೇರೆಯಾದರೆ ಎಕ್ಸ್‌ಆರ್ 1 ಕೊಡುತ್ತದೆ, ಒಂದೇ ಆದರೆ ಎಕ್ಸ್‌ನಾರ್ 1 ಕೊಡುತ್ತದೆ. ಡೇಟಾದಲ್ಲಿ 1ಗಳು ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಎಕ್ಸ್‌ನಾರ್. ಸರಿಯಾಗಿ ನಾಲ್ಕಿದ್ದು ಕೆಳಗಿನ (ಬಲತುದಿಯ) ಬಿಟ್ 0 ಆಗಿದ್ದರೂ ಎಕ್ಸ್‌ನಾರ್. ಉಳಿದಂತೆ ಎಕ್ಸ್‌ಆರ್. ಕಪ್ಪಿನಲ್ಲಿ ಒಂದೂ 1 ಇಲ್ಲ, ಹಾಗಾಗಿ ಎಕ್ಸ್‌ಆರ್. ಸೊನ್ನೆಗಳ ಎಕ್ಸ್‌ಆರ್ ಸೊನ್ನೆಯೇ. ಎಕ್ಸ್‌ಆರ್ ಬಳಸಿದೆವು ಅನ್ನುವುದಕ್ಕೆ ಒಂಬತ್ತನೇ ಬಿಟ್ 1.

ಎರಡನೇ ಹಂತ ಸಮತೋಲದ್ದು. ಇದುವರೆಗೆ ಹೋದ 1ಗಳು ಎಷ್ಟು, 0ಗಳು ಎಷ್ಟು ಅನ್ನುವ ವ್ಯತ್ಯಾಸವನ್ನು ಒಂದು ಕೌಂಟರ್ ಇಟ್ಟುಕೊಂಡಿರುತ್ತದೆ. ಅದನ್ನು ನೋಡಿ ಎಂಟು ಡೇಟಾ ಬಿಟ್‌ಗಳನ್ನು ತಲೆಕೆಳಗು ಮಾಡಬೇಕೋ ಬೇಡವೋ ತೀರ್ಮಾನಿಸುತ್ತೇವೆ. ಹತ್ತನೇ ಬಿಟ್ ಆ ತೀರ್ಮಾನವನ್ನು ಹೇಳುತ್ತದೆ.

ಕೌಂಟರ್ 0 ಇರುವಾಗ ಮೊದಲ ಕಪ್ಪು ಪಿಕ್ಸೆಲ್ 0100000000 ಆಗಿ ಹೋಗುತ್ತದೆ. ಒಂದು 1, ಒಂಬತ್ತು 0. ಕೌಂಟರ್ −8. ಎರಡನೆಯದಕ್ಕೆ ಸೊನ್ನೆಗಳು ಜಾಸ್ತಿಯಾಗಿವೆ ಅಂತ ತಲೆಕೆಳಗು ಮಾಡುತ್ತೇವೆ: 1111111111. ಕೌಂಟರ್ 10 ಏರಿ +2. ಮೂರನೆಯದು ಮತ್ತೆ 0100000000, ಕೌಂಟರ್ −6. ಹೀಗೇ ಮುಂದಕ್ಕೆ +4, −4, +6, −2, +8, ಒಂಬತ್ತನೇ ಪಿಕ್ಸೆಲ್‌ಗೆ 0. ಐದು ಸಲ ಎಂಟು ಇಳಿದು, ನಾಲ್ಕು ಸಲ ಹತ್ತು ಏರಿ, ನಲವತ್ತಕ್ಕೆ ನಲವತ್ತು ಸರಿಹೋಯಿತು. ಒಂದು ಹಾಳೆಯ ಮೇಲೆ ಇದನ್ನು ನೀವೇ ಒಮ್ಮೆ ಬರೆದು ನೋಡಿ. ಕೋಡ್ ಎಷ್ಟು ಸಲ ಓದಿದರೂ ಸಿಗದ ಸಮಾಧಾನ ಸಿಗುತ್ತದೆ.

ಎರಡು ಮಾತು ನೆನಪಿರಲಿ. ತಂತಿಗೆ ಮೊದಲು ಹೋಗುವುದು ಕೆಳಗಿನ ಬಿಟ್. ಮತ್ತು ಸಾಲಿನ ನಡುವಿನ ಖಾಲಿ ಜಾಗದಲ್ಲಿ ಕಂಟ್ರೋಲ್ ವರ್ಡ್ ಹೋಗುವಾಗ ಕೌಂಟರನ್ನು ಸೊನ್ನೆ ಮಾಡಬೇಕು.

ಬಣ್ಣದ ಪಟ್ಟಿ ಚೆನ್ನಾಗಿ ಬರುತ್ತದೆ, ಆದರೆ ಪರದೆ ಕಪ್ಪಾದರೆ ಚುಕ್ಕಿ ಚುಕ್ಕಿ ಮಿಂಚುತ್ತದೆ. ಯಾಕೆ?

ನನಗೂ ಇದೇ ಆಗಿತ್ತು. ಎರಡು ವಾರಾಂತ್ಯ ಹೋಯಿತು. ಕೇಬಲ್ ಬದಲಿಸಿದೆ, ಕೆಪಾಸಿಟರ್ ಬದಲಿಸಿದೆ, ಬೋರ್ಡ್ ಕೂಡ ಬದಲಿಸಿದೆ. ತಪ್ಪು ಇದ್ದದ್ದು ಕೌಂಟರ್‌ನ ಅಗಲದಲ್ಲಿ. ನಾನು 4 ಬಿಟ್‌ನ ಸೈನ್ಡ್ ಕೌಂಟರ್ ಇಟ್ಟಿದ್ದೆ. ಅದು ಹಿಡಿಯುವುದು −8ರಿಂದ +7ರವರೆಗೆ.

ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಎಂಟನೇ ಕಪ್ಪು ಪಿಕ್ಸೆಲ್‌ಗೆ ಕೌಂಟರ್ +8 ಆಗುತ್ತದೆ. ನನ್ನದರಲ್ಲಿ ಅದು ಸುತ್ತಿ ಬಂದು −8 ಆಗುತ್ತಿತ್ತು. ಆಗಲೇ 1ಗಳು ಜಾಸ್ತಿ ಹೋಗಿದ್ದರೂ ಎನ್‌ಕೋಡರ್ ಸೊನ್ನೆ ಜಾಸ್ತಿ ಅಂದುಕೊಂಡು ಇನ್ನೊಂದು 1111111111 ಕಳಿಸುತ್ತಿತ್ತು. ಅಲ್ಲಿಂದ ಪ್ರತಿ ಏಳು ಪಿಕ್ಸೆಲ್‌ಗೆ 16ರಂತೆ ತೂಕ ಒಂದೇ ಕಡೆ ಬೀಳುತ್ತಾ ಹೋಯಿತು. ಬಣ್ಣದ ಪಟ್ಟಿಯಲ್ಲಿ ಕೌಂಟರ್ ಅಷ್ಟು ಮೇಲೆ ಹೋಗುತ್ತಿರಲಿಲ್ಲ, ಆದ್ದರಿಂದ ಅಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು.

5 ಬಿಟ್ ಇಟ್ಟರೆ ಸಾಕು. ಅಥವಾ ವ್ಯತ್ಯಾಸ ಯಾವಾಗಲೂ ಸಮಸಂಖ್ಯೆಯಾದ್ದರಿಂದ ಅದರ ಅರ್ಧವನ್ನು 4 ಬಿಟ್‌ನಲ್ಲಿ ಇಡಬಹುದು. ನಿಮ್ಮಲ್ಲೂ ಕಪ್ಪು ಪರದೆ ಮಾತ್ರ ಕೈಕೊಡುತ್ತಿದ್ದರೆ ಬೆಸುಗೆ ಬಿಚ್ಚುವ ಮುಂಚೆ ಈ ಕೌಂಟರ್ ನೋಡಿ.

8ಬಿ/10ಬಿ ಟೇಬಲ್ ಹಾಕಲಾ, ಲಾಜಿಕ್ ಬರೆಯಲಾ?

ಬ್ಲಾಕ್ ರ‍್ಯಾಮ್ ಉಳಿದಿದ್ದರೆ ಟೇಬಲ್. ಎಂಟು ಡೇಟಾ ಬಿಟ್, ಅದು ಕಂಟ್ರೋಲ್ ವರ್ಡ್ ಹೌದೋ ಅಲ್ಲವೋ ಅನ್ನುವ ಒಂದು ಬಿಟ್, ಈಗಿನ ಡಿಸ್ಪಾರಿಟಿ (ಇದುವರೆಗೆ 1 ಜಾಸ್ತಿಯೋ 0 ಜಾಸ್ತಿಯೋ ಅನ್ನುವುದು) ಒಂದು ಬಿಟ್: ಒಟ್ಟು 10 ಬಿಟ್ ವಿಳಾಸ, 1024 ಸಾಲು. ಪ್ರತಿ ಸಾಲಿನಲ್ಲಿ 10 ಬಿಟ್ ವರ್ಡ್ ಮತ್ತು ಮುಂದಿನ ಡಿಸ್ಪಾರಿಟಿ. ಐಸ್40ಯಲ್ಲಿ ಮೂರು ಬ್ಲಾಕ್ ಸಾಕು. ಡಿಕೋಡರ್ ಟೇಬಲ್‌ನಲ್ಲಿ ಅಕ್ರಮ ವರ್ಡ್‌ಗಳಿಗೆ ಒಂದು ತಪ್ಪಿನ ಬಿಟ್ ಖಂಡಿತ ಇಡಿ. ಮುಂದೆ ಏನೇ ಕೆಟ್ಟರೂ ಮೊದಲು ಹೇಳುವುದು ಅದೇ.

ಲಾಜಿಕ್ ಬರೆಯುವವರು 5 ಬಿಟ್‌ಗೆ 6, 3 ಬಿಟ್‌ಗೆ 4 ಅಂತ ಎರಡು ಸಣ್ಣ ಎನ್‌ಕೋಡರ್ ಆಗಿ ಒಡೆದುಕೊಳ್ಳಿ. ಕೋಡ್ ಹುಟ್ಟಿದ್ದೇ ಹಾಗೆ.

ಕಳಿಸಲು ಬಂತು. ಓದಲು ಯಾಕೆ ಇಷ್ಟು ಕಷ್ಟ?

ಕಳಿಸುವಾಗ ಕ್ಲಾಕ್ ನಿಮ್ಮದು. ಓದುವಾಗ ಅದು ಇನ್ನೊಬ್ಬರದು. ಅಷ್ಟೇ ವ್ಯತ್ಯಾಸ, ಆದರೆ ಕೆಲಸದ ಮುಕ್ಕಾಲು ಪಾಲು ಅದೇ.

ಮೂರು ಬೇರೆ ಬೇರೆ ಪ್ರಶ್ನೆಗಳಿವೆ, ಬೆರೆಸಬೇಡಿ. ಬಿಟ್‌ನ ನಡುಭಾಗ ಎಲ್ಲಿದೆ? ಹತ್ತು ಬಿಟ್‌ನ ವರ್ಡ್ ಎಲ್ಲಿ ಶುರು? ಸಿಕ್ಕಿದ ಡೇಟಾವನ್ನು ನನ್ನ ಕ್ಲಾಕ್‌ಗೆ ತರುವುದು ಹೇಗೆ? ಇದೇ ಕ್ರಮದಲ್ಲಿ ಒಂದೊಂದಾಗಿ ಬಿಡಿಸಿ. ಮೊದಲನೆಯದು ಅಲುಗಾಡುತ್ತಿರುವಾಗ ಎರಡನೆಯದಕ್ಕೆ ಕೈ ಹಾಕಿದವರು ವಾರಗಟ್ಟಲೆ ಒದ್ದಾಡುವುದನ್ನು ನೋಡಿದ್ದೇನೆ.

ಬಿಟ್‌ನ ನಡುಭಾಗ ಹುಡುಕುವುದು ಹೇಗೆ?

ಡಿವಿಐ ತರಹ ಜೊತೆಗೆ ಕ್ಲಾಕ್ ಬರುತ್ತಿದ್ದರೆ ಒಂದು ದಾರಿ. ಅಲ್ಲಿ ಕ್ಲಾಕ್ ಲೇನ್ ಬಿಟ್ ವೇಗದ ಹತ್ತನೇ ಒಂದು ಭಾಗದಲ್ಲಿ ಓಡುತ್ತದೆ. ಪಿಎಲ್ಎಲ್‌ನಿಂದ ಅದನ್ನು ಹೆಚ್ಚಿಸಿಕೊಂಡರೆ ವೇಗ ಸರಿಯಾಯಿತು, ಆದರೆ ಪ್ರತಿ ಡೇಟಾ ಲೇನ್ ಎಷ್ಟು ಹಿಂದೆ ಮುಂದೆ ಇದೆ ಅಂತ ಗೊತ್ತಿಲ್ಲ. ಇಲ್ಲೇ ಆರ್ಟಿಕ್ಸ್-7 ನನಗೆ ಇಷ್ಟ. ಅದರ ಪಿನ್‌ಗಳಲ್ಲಿ 32 ಮೆಟ್ಟಿಲಿನ ಡಿಲೇ ಇದೆ. 200 ಮೆಗಾಹರ್ಟ್ಸ್ ರೆಫರೆನ್ಸ್ ಕೊಟ್ಟರೆ ಒಂದೊಂದು ಮೆಟ್ಟಿಲು ಸುಮಾರು 78 ಪಿಕೋಸೆಕೆಂಡ್. 720ಪಿಯಲ್ಲಿ ಒಂದು ಬಿಟ್ 1.35 ನ್ಯಾನೋಸೆಕೆಂಡ್, ಅಂದರೆ ಸುಮಾರು 17 ಮೆಟ್ಟಿಲು. ಒಂದೊಂದೇ ಮೆಟ್ಟಿಲು ಸರಿಸುತ್ತಾ ಕಂಟ್ರೋಲ್ ವರ್ಡ್‌ಗಳು ತಪ್ಪಿಲ್ಲದೆ ಬರುವ ಜಾಗದ ಎರಡೂ ತುದಿ ಗುರುತು ಮಾಡಿಕೊಳ್ಳಿ. ನಡುವಿನ ಮೆಟ್ಟಿಲಿಗೆ ಹೋಗಿ ನಿಲ್ಲಿ.

ಕಂಟ್ರೋಲ್ ವರ್ಡ್‌ಗಳನ್ನೇ ಯಾಕೆ ನೋಡಬೇಕು? ಟಿಎಂಡಿಎಸ್‌ನಲ್ಲಿ ಪಿಕ್ಸೆಲ್ ವರ್ಡ್‌ನೊಳಗೆ ಹೆಚ್ಚೆಂದರೆ ಐದು ಬದಲಾವಣೆ. 1101010100 ತರಹದ ಕಂಟ್ರೋಲ್ ವರ್ಡ್‌ನಲ್ಲಿ ಏಳು ಅಥವಾ ಜಾಸ್ತಿ. ದೂರದಿಂದಲೇ ಗುರುತು ಸಿಗುತ್ತದೆ.

ಕ್ಲಾಕ್ ಬರದಿದ್ದರೆ ಓವರ್‌ಸ್ಯಾಂಪ್ಲಿಂಗ್. ಒಂದು ಬಿಟ್‌ಗೆ ನಾಲ್ಕು ಸಲ ನೋಡಿ. 125 ಮೆಗಾಬಿಟ್ ಸಿಗ್ನಲ್‌ಗೆ ಸೆಕೆಂಡಿಗೆ 500 ಮಿಲಿಯನ್ ಸ್ಯಾಂಪಲ್ ಬೇಕು ಅಂತ ಹೆದರಬೇಡಿ. 125 ಮೆಗಾಹರ್ಟ್ಸ್‌ನ ಎರಡು ಕ್ಲಾಕ್‌ಗಳನ್ನು 90 ಡಿಗ್ರಿ ಅಂತರದಲ್ಲಿ ತೆಗೆದುಕೊಂಡು, ಎರಡರ ಎರಡೂ ಅಂಚುಗಳನ್ನು ಬಳಸಿದರೆ ನಾಲ್ಕು ಸ್ಯಾಂಪಲ್ ಸಿಕ್ಕವು. ಪಕ್ಕಪಕ್ಕದ ಸ್ಯಾಂಪಲ್‌ಗಳನ್ನು ಎಕ್ಸ್‌ಆರ್ ಮಾಡಿದರೆ ಅಂಚು ಎಲ್ಲಿದೆ ಅಂತ ಕಾಣುತ್ತದೆ. ಅದರಿಂದ ಅತಿ ದೂರದ ಸ್ಯಾಂಪಲ್ ಆರಿಸಿ. ಒಂದೇ ಒಂದು ಅಂಚು ನೋಡಿ ಆಯ್ಕೆ ಬದಲಿಸಬೇಡಿ. ಕೆಲವು ಸಲ ಅದೇ ಸೂಚನೆ ಬಂದಮೇಲೆ ಸರಿಯಿರಿ, ಇಲ್ಲದಿದ್ದರೆ ಜಿಟ್ಟರ್, ಅಂದರೆ ಅಂಚುಗಳ ಹಿಂದೆ ಮುಂದೆ ಅಲುಗಾಟ, ನಿಮ್ಮನ್ನು ಕುಣಿಸುತ್ತದೆ.

ಪಿನ್‌ನಿಂದ ನಾಲ್ಕು ಫ್ಲಿಪ್‌ಫ್ಲಾಪ್‌ಗಳಿಗೆ ಹೋಗುವ ದಾರಿ ಒಂದೇ ಉದ್ದ ಇರಬೇಕು ಅನ್ನುವುದು ಮುಖ್ಯ. ಟೂಲ್‌ಗೆ ಬಿಟ್ಟರೆ ಒಂದನ್ನು ಇಲ್ಲಿ, ಇನ್ನೊಂದನ್ನು ಚಿಪ್‌ನ ಆ ತುದಿಯಲ್ಲಿ ಇಡುತ್ತದೆ. ಜಾಗ ನೀವೇ ನಿಗದಿ ಮಾಡಿ.

ಎಲ್ಲ ಸರಿ ಇದೆ, ಆದರೆ ಸ್ವಲ್ಪ ಹೊತ್ತಿಗೆ ಒಂದು ಬಿಟ್ ಜಾಸ್ತಿ ಅಥವಾ ಕಡಿಮೆ ಬರುತ್ತದೆ.

ಬರಲೇಬೇಕು. ಎರಡು ಕ್ರಿಸ್ಟಲ್ ಒಂದೇ ಸಮ ಓಡುವುದಿಲ್ಲ. ಒಂದೊಂದಕ್ಕೂ ಹತ್ತು ಲಕ್ಷಕ್ಕೆ 100ರಷ್ಟು ಆಚೀಚೆ ಅಂದರೆ, ಎದುರುಬದುರಾದಾಗ 200. ಅಂದರೆ ಪ್ರತಿ 5,000 ಬಿಟ್‌ಗೆ ಒಂದು ಬಿಟ್ ಅಂತರ. 125 ಮೆಗಾಬಿಟ್ ಲಿಂಕ್‌ನಲ್ಲಿ ಇದು ಸೆಕೆಂಡಿಗೆ 25,000 ಸಲ.

ಆದ್ದರಿಂದ ನಿಮ್ಮ ರಿಕವರಿ ಬ್ಲಾಕ್ ಪ್ರತಿ ಕ್ಲಾಕ್‌ಗೆ ಒಂದೇ ಬಿಟ್ ಕೊಡುತ್ತದೆ ಅಂದುಕೊಳ್ಳಬೇಡಿ. ಆಯ್ಕೆ ನಾಲ್ಕನೇ ಸ್ಯಾಂಪಲ್‌ನಿಂದ ಮೊದಲನೆಯದಕ್ಕೆ ಸುತ್ತಿ ಹೋದಾಗ, ಯಾವ ದಿಕ್ಕು ಅನ್ನುವುದರ ಮೇಲೆ, ಒಂದೂ ಬಿಟ್ ಬರದಿರಬಹುದು ಅಥವಾ ಎರಡು ಬರಬಹುದು. ಔಟ್‌ಪುಟ್‌ಗೆ 0, 1, 2 ಅನ್ನುವ ಎಣಿಕೆ ಜೊತೆಗೇ ಕೊಡಿ. ಮುಂದಿನ ಹಂತ ಅದರ ಪ್ರಕಾರ ಹತ್ತು ಬಿಟ್ ತುಂಬಿಕೊಳ್ಳಲಿ.

ವರ್ಡ್‌ನ ಶುರು?

8ಬಿ/10ಬಿಯಲ್ಲಿ ಕೆ28.5 ಅನ್ನುವ ವರ್ಡ್ ಇದೆ: 0011111010 ಅಥವಾ 1100000101. ಅದರ ಮೊದಲ ಏಳು ಬಿಟ್‌ಗೆ ಕಾಮಾ ಅನ್ನುತ್ತಾರೆ. ಸರಿಯಾದ ಡೇಟಾ ವರ್ಡ್‌ಗಳನ್ನು ಹೇಗೆ ಜೋಡಿಸಿದರೂ, ಎರಡು ವರ್ಡ್‌ಗಳ ಗಡಿಯಲ್ಲಿ ಕೂಡ, ಅದು ಹುಟ್ಟುವುದಿಲ್ಲ. ಹತ್ತು ಜಾಗದಲ್ಲೂ ಹುಡುಕಿ, ಸಿಕ್ಕ ಜಾಗಕ್ಕೆ ಬೀಗ ಹಾಕಿ. ಮೂರು ನಾಲ್ಕು ಸಲ ಅಲ್ಲೇ ಸಿಕ್ಕಮೇಲೆ ಮಾತ್ರ ನಂಬಿ.

ನನ್ನ ಕ್ಲಾಕ್‌ಗೆ ತರುವುದಕ್ಕೆ ಎರಡು ಫ್ಲಿಪ್‌ಫ್ಲಾಪ್ ಸಾಕಲ್ವಾ?

ಒಂದೇ ಬಿಟ್‌ಗೆ ಸಾಕು. ಹತ್ತು ಬಿಟ್‌ನ ವರ್ಡ್‌ಗೆ ಖಂಡಿತ ಸಾಲದು. ಒಂದು ಬಿಟ್ ಹೊಸದು, ಪಕ್ಕದ ಬಿಟ್ ಹಳೆಯದು ಹೀಗೆ ಕಲಸಿಹೋಗಬಹುದು. ಗ್ರೇ ಕೋಡ್ ಪಾಯಿಂಟರ್ ಇರುವ ಫಿಫೊ (ಮೊದಲು ಬಂದದ್ದನ್ನು ಮೊದಲು ಕೊಡುವ ಮೆಮೊರಿ) ಹಾಕಿ. ಗ್ರೇ ಕೋಡ್‌ನಲ್ಲಿ ಸಲಕ್ಕೆ ಒಂದೇ ಬಿಟ್ ಬದಲಾಗುವುದರಿಂದ, ತಪ್ಪಿ ಓದಿದರೂ ಹಳೆಯ ಅಥವಾ ಹೊಸ ಬೆಲೆಯೇ ಸಿಗುತ್ತದೆ, ಮೂರನೆಯದು ಸಿಗುವುದಿಲ್ಲ.

ಡಿಕೋಡಿಂಗ್ ಕಲಿಯಲು ಮೊದಲ ಪ್ರಾಜೆಕ್ಟ್ ಯಾವುದು ಮಾಡಲಿ?

ಎಸ್/ಪಿಡಿಐಎಫ್. ಟಿವಿ, ಆಡಿಯೋ ಸಾಧನಗಳ ಹಿಂದಿರುವ ಡಿಜಿಟಲ್ ಆಡಿಯೋ ಔಟ್. ಆಪ್ಟಿಕಲ್ ರಿಸೀವರ್ ಮಾಡ್ಯೂಲ್ ಹಾಕಿದರೆ ನೇರ ಲಾಜಿಕ್ ಮಟ್ಟದಲ್ಲೇ ಸಿಗ್ನಲ್ ಬರುತ್ತದೆ.

48 ಕಿಲೋಹರ್ಟ್ಸ್ ಆಡಿಯೋಗೆ ಒಂದು ಫ್ರೇಮ್ 64 ಬಿಟ್, ಅಂದರೆ 3.072 ಮೆಗಾಬಿಟ್. ಪ್ರತಿ ಬಿಟ್‌ಗೂ ಶುರುವಿನಲ್ಲಿ ಒಂದು ಅಂಚು ಇದ್ದೇ ಇರುತ್ತದೆ, ಬಿಟ್ 1 ಆದರೆ ನಡುವೆ ಇನ್ನೊಂದು. ಅರ್ಧ ಬಿಟ್‌ನ ಕಾಲ ಸುಮಾರು 163 ನ್ಯಾನೋಸೆಕೆಂಡ್. 100 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಎರಡು ಅಂಚುಗಳ ನಡುವೆ ಎಣಿಸುತ್ತಾ ಹೋಗಿ. ಸುಮಾರು 16 ಬಂದರೆ ಅರ್ಧ ಬಿಟ್, 33 ಬಂದರೆ ಪೂರ್ತಿ ಬಿಟ್, 49 ಬಂದರೆ ಒಂದೂವರೆ. ಡೇಟಾದಲ್ಲಿ ಒಂದೂವರೆ ಬರಲು ಸಾಧ್ಯವೇ ಇಲ್ಲ. ಬೇಕಂತಲೇ ನಿಯಮ ಮುರಿದು ಶುರುವಿನ ಗುರುತಾಗಿ ಇಟ್ಟದ್ದು ಅದು. 24 ಮತ್ತು 41ರಲ್ಲಿ ಎರಡು ಗಡಿ ಹಾಕಿಕೊಂಡರೆ ಡಿಕೋಡರ್‌ನ ಹೃದಯ ತಯಾರು.

ಬಿಟ್, ವರ್ಡ್, ಕ್ಲಾಕ್ ದಾಟುವಿಕೆ, ಮೇಲೆ ಹೇಳಿದ ಮೂರೂ ಪ್ರಶ್ನೆ ಇದರಲ್ಲಿ ಪುಟ್ಟ ರೂಪದಲ್ಲಿ ಬರುತ್ತವೆ. ಕೊನೆಗೆ ಸ್ಪೀಕರ್‌ನಿಂದ ಹಾಡು ಕೇಳಿಸಿದಾಗ ಆಗುವ ಖುಷಿಯೇ ಬೇರೆ.

ಜಂಪರ್ ತಂತಿ, ಬ್ರೆಡ್‌ಬೋರ್ಡ್ ಬಳಸಬಹುದಾ?

ಎಸ್/ಪಿಡಿಐಎಫ್‌ಗೆ ಪರವಾಗಿಲ್ಲ. 252 ಮೆಗಾಬಿಟ್‌ಗೆ ಬೇಡ.

ಸಾಮಾನ್ಯ ಪಿಸಿಬಿ ಮೇಲೆ ಸಿಗ್ನಲ್ ಒಂದು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಹೋಗುತ್ತದೆ. 252 ಮೆಗಾಬಿಟ್‌ನಲ್ಲಿ ಒಂದು ಬಿಟ್ 4 ನ್ಯಾನೋಸೆಕೆಂಡ್, ಅಂದರೆ 60 ಸೆಂಟಿಮೀಟರ್ ಉದ್ದ. ಎರಡು ಲೇನ್‌ಗಳ ನಡುವೆ 5 ಮಿಲಿಮೀಟರ್ ವ್ಯತ್ಯಾಸ ಇದ್ದರೆ ಬರೀ 33 ಪಿಕೋಸೆಕೆಂಡ್. ಈ ವೇಗದಲ್ಲಿ ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ತಲೆಕೆಡಿಸಿಕೊಳ್ಳಬೇಕಾದ್ದು ಜೋಡಿ ತಂತಿಗಳು ಪಕ್ಕಪಕ್ಕ ಹೋಗುತ್ತಿವೆಯಾ, ಅವುಗಳ ಕೆಳಗೆ ಗ್ರೌಂಡ್ ತುಂಡಾಗದೆ ಇದೆಯಾ, ತುದಿಯಲ್ಲಿ ಸರಿಯಾದ ಟರ್ಮಿನೇಷನ್ ಇದೆಯಾ ಅನ್ನುವುದಕ್ಕೆ. ಎಲ್‌ವಿಡಿಎಸ್‌ಗೆ (ಜೋಡಿ ತಂತಿಯ ಇನ್ನೊಂದು ಸಿಗ್ನಲ್ ವಿಧಾನ) ಜೋಡಿಯ ನಡುವೆ 100 ಓಮ್. ಟಿಎಂಡಿಎಸ್‌ನಲ್ಲಿ ರಿಸೀವರ್ ಒಳಗೆ ಪ್ರತಿ ತಂತಿಯಿಂದ 3.3 ವೋಲ್ಟ್‌ಗೆ 50 ಓಮ್ ಇರುತ್ತದೆ. ನಿಮ್ಮ ಬೋರ್ಡ್ ಆಫ್ ಇದ್ದಾಗಲೂ ಮಾನಿಟರ್‌ನಿಂದ ಆ ದಾರಿಯಲ್ಲಿ ಕರೆಂಟ್ ಒಳಗೆ ಬರಬಹುದು, ಗಮನವಿರಲಿ.

ಜೋಡಿಯ ಎರಡು ತಂತಿ ಅದಲುಬದಲಾಗಿದ್ದರೆ ಬೋರ್ಡ್ ಬಿಸಾಡಬೇಡಿ. ಆ ಲೇನ್‌ನ ಹತ್ತೂ ಬಿಟ್ ತಲೆಕೆಳಗು ಮಾಡಿ ಕಳಿಸಿದರಾಯಿತು.

ನನ್ನ 100 ಮೆಗಾಹರ್ಟ್ಸ್ ಆಸಿಲೋಸ್ಕೋಪ್‌ನಲ್ಲಿ ಏನೂ ಸರಿಯಾಗಿ ಕಾಣುತ್ತಿಲ್ಲ.

252 ಮೆಗಾಬಿಟ್‌ನಲ್ಲಿ 1, 0 ಒಂದಾದಮೇಲೊಂದು ಬಂದರೆ ಅದು 126 ಮೆಗಾಹರ್ಟ್ಸ್. ಸ್ಕೋಪ್ ಅದನ್ನು ಕುಗ್ಗಿದ ಅಲೆಯಾಗಿ ತೋರಿಸುತ್ತದೆ, ಚೌಕ ಕಾಣುವುದಿಲ್ಲ. ಪರೀಕ್ಷೆಗೆ ಎನ್‌ಕೋಡರ್ ಪಕ್ಕಕ್ಕಿಟ್ಟು 1111100000 ಅನ್ನೇ ಸತತ ಕಳಿಸಿ. 25.2 ಮೆಗಾಹರ್ಟ್ಸ್‌ನ ಅಲೆ ಬಂದರೆ ಪಿಎಲ್ಎಲ್, ಸೀರಿಯಲೈಸರ್, ಪಿನ್ ಮೂರೂ ಸರಿ ಅಂತ ಅರ್ಥ.

ಎಚ್‌ಡಿಎಂಐನಲ್ಲಿ ಶಬ್ದವೂ ಕಳಿಸಬಹುದಾ?

ಹೌದು. ಖಾಲಿ ಜಾಗದಲ್ಲಿ ಡೇಟಾ ಐಲ್ಯಾಂಡ್ ಅಂತ ಇಟ್ಟು, 4 ಬಿಟ್‌ಗೆ 10 ಬಿಟ್‌ನ ಟಿಇಆರ್‌ಸಿ4 ಕೋಡ್‌ನಲ್ಲಿ ಕಳಿಸಬೇಕು. ಮೊದಲು ಬರೀ ಚಿತ್ರ ನಿಲ್ಲಿಸಿಕೊಳ್ಳಿ.

ಉಚಿತ ಟೂಲ್‌ಗಳು?

ಯೋಸಿಸ್ ಮತ್ತು ನೆಕ್ಸ್ಟ್‌ಪಿಎನ್‌ಆರ್. ಐಸ್40ಗೆ ಐಸ್‌ಸ್ಟಾರ್ಮ್, ಇಸಿಪಿ5ಗೆ ಟ್ರೆಲ್ಲಿಸ್, ಗೋವಿನ್‌ಗೆ ಅಪಿಕುಲಾ ಜೊತೆಯಾಗುತ್ತವೆ. ಸಿಮ್ಯುಲೇಷನ್‌ಗೆ ವೆರಿಲೇಟರ್. ಆರ್ಟಿಕ್ಸ್-7ಗೆ ಕಂಪನಿಯದೇ ವಿವಾಡೋ ಬಳಸುವುದು ನೆಮ್ಮದಿ.

ಲೂಪ್‌ಬ್ಯಾಕ್‌ನಲ್ಲಿ ಪಾಸ್ ಆಯ್ತು. ಇನ್ನು ಕೆಲಸ ಮುಗಿಯಿತಾ?

ಇಲ್ಲ. ನಿಮ್ಮ ಎನ್‌ಕೋಡರ್‌ನಿಂದ ನಿಮ್ಮದೇ ಡಿಕೋಡರ್‌ಗೆ ಕೊಟ್ಟರೆ ಎರಡರಲ್ಲೂ ಇರುವ ಒಂದೇ ತಪ್ಪು ಕಾಣುವುದಿಲ್ಲ. ಬಿಟ್ ಕ್ರಮ ಉಲ್ಟಾ ಇದ್ದರೂ ಪಾಸ್ ಆಗುತ್ತದೆ. ಒಂದೇ ಚಿಪ್ ಆದರೆ ಕ್ಲಾಕ್ ಕೂಡ ಒಂದೇ, ಬಿಟ್ ಜಾರುವ ತೊಂದರೆ ಹುಟ್ಟುವುದೇ ಇಲ್ಲ. ಬೇರೆಯವರು ಮಾಡಿದ ಸಾಧನದ ಜೊತೆ ಒಮ್ಮೆಯಾದರೂ ಮಾತಾಡಿಸಿ. ಅದು ಸಿಗದಿದ್ದರೆ ಬೇರೆ ಕ್ರಿಸ್ಟಲ್ ಇರುವ ಎರಡನೇ ಬೋರ್ಡ್ ತನ್ನಿ.

ಆಮೇಲೆ ತಪ್ಪಿನ ಎಣಿಕೆ. ಅದಕ್ಕೆ ಪಿಆರ್‌ಬಿಎಸ್7 ಅನ್ನುವ, ನೋಡಲು ಅಡ್ಡಾದಿಡ್ಡಿಯಾದ ಪರೀಕ್ಷಾ ಸಾಲು ಸಾಕು: 7 ಬಿಟ್‌ನ ಶಿಫ್ಟ್ ರಿಜಿಸ್ಟರ್, 6ನೇ ಮತ್ತು 7ನೇ ಬಿಟ್‌ಗಳ ಎಕ್ಸ್‌ಆರ್ ಮತ್ತೆ ಒಳಗೆ, 127 ಬಿಟ್‌ಗೊಮ್ಮೆ ಮರುಕಳಿಸುವ ಸಾಲು. ಈ ಕಡೆ ಬಂದ ಬಿಟ್‌ಗಳನ್ನೇ ಅಂಥದೇ ರಿಜಿಸ್ಟರ್‌ಗೆ ತುಂಬುತ್ತಾ ಮುಂದಿನ ಬಿಟ್ ಊಹಿಸಿ ಹೋಲಿಸಿ. ಹೀಗೆ ಮಾಡಿದಾಗ ಒಂದು ತಪ್ಪು ಬಿಟ್ ಮೂರು ತಪ್ಪಾಗಿ ಎಣಿಕೆಯಾಗುತ್ತದೆ: ಬಂದಾಗ ಒಮ್ಮೆ, 6ನೇ ಮನೆ ದಾಟುವಾಗ ಒಮ್ಮೆ, 7ನೇ ಮನೆಯಲ್ಲಿ ಒಮ್ಮೆ. ಲೆಕ್ಕದಲ್ಲಿ ಮೂರು ಮೂರೇ ಏರುತ್ತಿದ್ದರೆ ಗಾಬರಿಯಾಗಬೇಡಿ.

ಲಕ್ಷ ಕೋಟಿ ಬಿಟ್‌ಗೆ ಒಂದು ತಪ್ಪಿಗಿಂತ ಕಡಿಮೆ ಅಂತ 95% ಧೈರ್ಯದಿಂದ ಹೇಳಲು ಅದರ ಮೂರು ಪಟ್ಟು ಬಿಟ್ ಒಂದೂ ತಪ್ಪಿಲ್ಲದೆ ದಾಟಬೇಕು. 252 ಮೆಗಾಬಿಟ್‌ನಲ್ಲಿ ಅದಕ್ಕೆ ಸುಮಾರು 3 ಗಂಟೆ 20 ನಿಮಿಷ ಹಿಡಿಯುತ್ತದೆ. ಬೋರ್ಡ್ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಇನ್ನೊಮ್ಮೆ ಓಡಿಸಿ. ನಾನು ರಾತ್ರಿ ಮಲಗುವ ಮುಂಚೆ ಶುರು ಮಾಡಿ ಬೆಳಗ್ಗೆ ಎದ್ದು ಕೌಂಟರ್ ನೋಡುತ್ತೇನೆ.